ಬದಲಾಗದ ಗ್ಲೋಬಲ್ ಅರೇ: ರಸ್ಟ್‌ನಲ್ಲಿ ಯಾವುದನ್ನು ಯಾವಾಗ ತುಂಬಿಸಬೇಕು?

ಕೊಡಗಿನಲ್ಲಿ ಮಳೆ ಪುಸ್ತಕ ಇಡದ ಕಾಫಿ ತೋಟ ಕಡಿಮೆ. ಬೆಳಿಗ್ಗೆ ಮಳೆಮಾಪಕದ ನೀರು ಅಳೆದು ತೋಟದ ರೈಟರ್ (ಲೆಕ್ಕ ಬರೆಯುವವರು) ಇಂಚು-ಸೆಂಟಿನ ಲೆಕ್ಕದಲ್ಲಿ ಬರೆದಿಡುತ್ತಾರೆ. ನೂರು ಸೆಂಟಿಗೆ ಒಂದು ಇಂಚು, ಅಂದರೆ 25.4 ಮಿಲಿಮೀಟರ್. ಆ ಪುಸ್ತಕವನ್ನು ರಸ್ಟ್ ಭಾಷೆಯ ಒಂದು ಸಣ್ಣ ಪ್ರೋಗ್ರಾಮಿಗೆ ಇಳಿಸಲು ಕೂತರೆ ಬೇಗನೆ ಮೂರು ಪಟ್ಟಿಗಳು ಬೇಕಾಗುತ್ತವೆ. ಒಂದು, ಅಶ್ವಿನಿಯಿಂದ ರೇವತಿಯವರೆಗಿನ 27 ಮಳೆ ನಕ್ಷತ್ರಗಳ ಹೆಸರು. ಎರಡು, ವರ್ಷದ 366 ದಿನಗಳಲ್ಲಿ ಯಾವ ದಿನ ಯಾವ ನಕ್ಷತ್ರ ಎಂಬ ಸೂಚಿ. ಮೂರು, ಆ ತೋಟದ್ದೇ ಹಿಂದಿನ ವರ್ಷಗಳ ಸರಾಸರಿ ಮಳೆ, ದಿನಕ್ಕೊಂದರಂತೆ 366 ಸಂಖ್ಯೆ.

ಒಮ್ಮೆ ತುಂಬಿದ ಮೇಲೆ ಮೂರೂ ಬದಲಾಗುವುದಿಲ್ಲ, ಮೂರೂ ಪ್ರೋಗ್ರಾಮಿನ ಮೂಲೆ ಮೂಲೆಗೂ ಬೇಕು. ಹಾಗಾಗಿ ಮೂರನ್ನೂ ಗ್ಲೋಬಲ್ ಅರೇ (ಪ್ರೋಗ್ರಾಮಿನ ಎಲ್ಲ ಭಾಗಕ್ಕೂ ಕಾಣುವ, ನಿಗದಿತ ಉದ್ದದ ಪಟ್ಟಿ) ಮಾಡಿಬಿಡೋಣ ಅನ್ನಿಸುವುದು ಸಹಜ. ಆದರೆ ಮೊದಲನೆಯದು ಕೋಡ್ ಬರೆಯುವಾಗಲೇ ಗೊತ್ತು. ಎರಡನೆಯದನ್ನು ಕಂಪೈಲರ್ (ಕೋಡನ್ನು ಓಡುವ ಪ್ರೋಗ್ರಾಮಾಗಿ ಕಟ್ಟಿಕೊಡುವ ತಂತ್ರಾಂಶ) ಲೆಕ್ಕ ಹಾಕಬಲ್ಲದು. ಮೂರನೆಯದು ಪ್ರೋಗ್ರಾಮ್ ಓಡಿ ಫೈಲ್ ತೆರೆಯುವ ತನಕ ಯಾರಿಗೂ ಗೊತ್ತಿಲ್ಲ. ಒಂದೇ ಉಪಾಯವನ್ನು ಮೂರಕ್ಕೂ ಹಚ್ಚಿದರೆ ಎಲ್ಲೋ ಒಂದು ಕಡೆ ತೊಂದರೆ ಖಂಡಿತ. ಈ ಆಯ್ಕೆಯಲ್ಲಿ ಹೆಚ್ಚಿನವರು ಮೊದಲು ವೇಗದ ಲೆಕ್ಕ ಹಾಕುತ್ತಾರೆ. ವೇಗದ ವ್ಯತ್ಯಾಸ ಇಲ್ಲಿ ಎಷ್ಟು ಕಡಿಮೆ ಎಂದರೆ, ಅದನ್ನು ಕೊನೆಗೆ ನೋಡಿದರೂ ನಡೆಯುತ್ತದೆ. ಮೊದಲು ಕೇಳಿಕೊಳ್ಳಬೇಕಾದ್ದು: ತುಂಬಿಸುವ ಕೆಲಸ ಕೈಕೊಟ್ಟರೆ ಎಲ್ಲಿ, ಯಾವ ಹೊತ್ತಿನಲ್ಲಿ ಕೈಕೊಡಬೇಕು?

ಬರೆಯುವಾಗಲೇ ಗೊತ್ತಿದ್ದರೆ

ಬದಲಾಗದ ಬೆಲೆಯನ್ನು (ವ್ಯಾಲ್ಯೂ) ಘೋಷಿಸಲು ರಸ್ಟ್‌ನಲ್ಲಿ ಸ್ಟ್ಯಾಟಿಕ್, ಕಾನ್ಸ್ಟ್ ಎಂಬ ಎರಡು ಪದಗಳಿವೆ. ನಕ್ಷತ್ರಗಳ ಹೆಸರಿಗೆ ಸ್ಟ್ಯಾಟಿಕ್ ಸಾಕು. ಕಾನ್ಸ್ಟ್ ಯಾಕೆ ಬೇಡ? ಕಾನ್ಸ್ಟ್‌ಗೆ ಮೆಮೊರಿಯಲ್ಲಿ ತನ್ನದೇ ಆದ ವಿಳಾಸ ಇಲ್ಲ. ಅದನ್ನು ಬಳಸಿದ ಪ್ರತಿ ಜಾಗದಲ್ಲೂ ಆ ಬೆಲೆಯನ್ನು ಹೊಸದಾಗಿ ಬರೆದಂತೆ ಲೆಕ್ಕ. ಒಂದು ಸಂಖ್ಯೆಗೆ ಇದರಿಂದ ಏನೂ ಆಗುವುದಿಲ್ಲ. ದೊಡ್ಡ ಅರೇ ಆದರೆ ಅದರ ನಕಲು ಸ್ಟ್ಯಾಕಿನ (ಫಂಕ್ಷನ್ ಓಡುವಾಗ ಬಳಸುವ ಸೀಮಿತ ಮೆಮೊರಿ) ಮೇಲೆ ಬಂದು ಕೂರುವ ಸಾಧ್ಯತೆ ಇದೆ. ಸ್ಟ್ಯಾಟಿಕ್ ಒಂದೇ ಜಾಗದಲ್ಲಿ ಒಂದೇ ಸಲ ಇರುತ್ತದೆ. ಒಂಟಿ ಸಂಖ್ಯೆಯಾದರೆ ಕಾನ್ಸ್ಟ್, ಪಟ್ಟಿಯಾದರೆ ಸ್ಟ್ಯಾಟಿಕ್ ಎಂದಿಟ್ಟುಕೊಂಡರೆ ತಪ್ಪುವುದಿಲ್ಲ.

ಅರೇಯ ಟೈಪಿನಲ್ಲಿ (ಬೆಲೆಯ ಬಗೆಯನ್ನು ಹೇಳುವ ಭಾಗ) ಉದ್ದವನ್ನು ಬರೆಯಲು ಸೋಮಾರಿತನ ಮಾಡಬೇಡಿ. ಕೊಡಗಿನ ತಾಲೂಕುಗಳ ಪಟ್ಟಿಯನ್ನೇ ನೋಡಿ: ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ ಎಂದು ಮೂರಿದ್ದದ್ದು ಪೊನ್ನಂಪೇಟೆ, ಕುಶಾಲನಗರ ಸೇರಿ ಐದಾಯಿತು. ಉದ್ದ 3 ಎಂದು ಟೈಪಿನಲ್ಲೇ ಇದ್ದರೆ ಹೊಸ ಹೆಸರು ಸೇರಿಸಿದ ಕ್ಷಣ ಕಂಪೈಲರ್ ತಡೆಯುತ್ತದೆ. ಎಲ್ಲ ಅರೇಗಳೂ ಉದ್ದಕ್ಕೆ ಒಂದೇ ಕಾನ್ಸ್ಟ್ ಬಳಸುತ್ತಿದ್ದು ಅದನ್ನು 5 ಎಂದು ತಿದ್ದಿದರೆ, ಇದರ ಜೊತೆ ಜೋಡಿಯಾಗಿ ಓಡುತ್ತಿರುವ ಬೇರೆ ಮೂರರ ಅರೇಗಳೂ ಒಂದೊಂದಾಗಿ ಕೆಂಪಾಗಿ ಎದ್ದು ಕಾಣುತ್ತವೆ. ಉದ್ದವಿಲ್ಲದ ಸ್ಲೈಸ್ ಆಗಿದ್ದರೆ ಎಲ್ಲವೂ ಸುಮ್ಮನೆ ಕಂಪೈಲ್ ಆಗಿ, ಕುಶಾಲನಗರದ ಸಾಲು ಕೇಳಿದಾಗ ಪ್ರೋಗ್ರಾಮ್ ಮಧ್ಯದಲ್ಲಿ ಮುರಿದು ಬೀಳುತ್ತದೆ.

ಕಂಪೈಲರ್ ಲೆಕ್ಕ ಹಾಕಬಲ್ಲದಾದರೆ

ದಿನದಿಂದ ನಕ್ಷತ್ರಕ್ಕೆ ಹೋಗುವ 366 ಸ್ಥಾನಗಳ ಸೂಚಿಯನ್ನು ಕೈಯಲ್ಲಿ ಬರೆಯುವುದು ದಡ್ಡತನ. 27 ನಕ್ಷತ್ರಗಳ ಶುರುವಿನ ದಿನ ಕೊಟ್ಟರೆ ಸಾಕು, ಉಳಿದದ್ದನ್ನು ಕಾನ್ಸ್ಟ್ ಫಂಕ್ಷನ್ (ಕಂಪೈಲ್ ಹೊತ್ತಿನಲ್ಲೇ ಓಡಬಲ್ಲ ಫಂಕ್ಷನ್) ತುಂಬಿಸುತ್ತದೆ. ಫಲಿತಾಂಶ ಬೈನರಿಯೊಳಗೇ ಬಂದು ಕೂರುತ್ತದೆ, ಪ್ರೋಗ್ರಾಮ್ ಶುರುವಾಗುವಾಗ ಯಾವ ಖರ್ಚೂ ಇಲ್ಲ. (ಪಂಚಾಂಗದಲ್ಲಿ ಶುರುವಿನ ದಿನ ವರ್ಷದಿಂದ ವರ್ಷಕ್ಕೆ ಒಂದು ದಿನ ಆಚೀಚೆ ಆಗಬಹುದು. ಮಳೆ ಪುಸ್ತಕಕ್ಕೆ ಅಷ್ಟು ವ್ಯತ್ಯಾಸ ನಡೆಯುತ್ತದೆ. ಮುಹೂರ್ತ ಇಡುವವರು ಈ ಸೂಚಿ ಬಳಸಬೇಡಿ.)

ಇದರಲ್ಲಿ ಸಾಮಾನ್ಯವಾಗಿ ಆಗುವ ತಪ್ಪನ್ನು ಹತ್ತಿರದಿಂದ ನೋಡೋಣ. ಪಟ್ಟಿಯ ಮೊದಲ ನಕ್ಷತ್ರ ಅಶ್ವಿನಿ, ಅದರ ಸ್ಥಾನ ಸೊನ್ನೆ. ಅಶ್ವಿನಿ ಮಳೆ ಶುರುವಾಗುವುದು ಏಪ್ರಿಲ್ 14ರ ಸುಮಾರಿಗೆ. ಸೊನ್ನೆಯಿಂದ ಎಣಿಸಿದರೆ ಅದು 366ರ ಅರೇಯಲ್ಲಿ 104ನೇ ಸ್ಥಾನ. ಅರೇಯನ್ನು ಮೊದಲು ಸೊನ್ನೆಗಳಿಂದ ತುಂಬಿ, ಏಪ್ರಿಲ್ 14ರಿಂದ ಡಿಸೆಂಬರ್ 31ರವರೆಗೆ ಲೂಪ್ ಓಡಿಸಿ ನಿಲ್ಲಿಸಿದರೆ ಜನವರಿಯಿಂದ ಏಪ್ರಿಲ್ 13ರವರೆಗಿನ 104 ದಿನಗಳೂ ಸೊನ್ನೆಯಾಗಿಯೇ ಉಳಿಯುತ್ತವೆ, ಅಂದರೆ ಅಶ್ವಿನಿ. ಫೆಬ್ರವರಿ-ಮಾರ್ಚಿನ ಹೂಮಳೆಯೆಲ್ಲ ಅಶ್ವಿನಿಯ ಖಾತೆಗೆ ಬೀಳುತ್ತದೆ. ಯಾವ ದೋಷ ಸಂದೇಶವೂ ಬರುವುದಿಲ್ಲ, ವರದಿ ಮಾತ್ರ ಸುಳ್ಳು. ಜನವರಿ 1 ಇರಬೇಕಾದ್ದು ಪೂರ್ವಾಷಾಢದಲ್ಲಿ, ಅದರ ಸ್ಥಾನ 19. ಆದ್ದರಿಂದ ಅರೇ ಕಟ್ಟಿದ ಕೆಳಗೇ, ಹೆಸರಿಲ್ಲದ ಒಂದು ಕಾನ್ಸ್ಟ್‌ನೊಳಗೆ, ಸೊನ್ನೆಯ ಸ್ಥಾನದಲ್ಲಿ 19 ಇದೆ ಮತ್ತು 104ರಲ್ಲಿ ಸೊನ್ನೆ ಇದೆ ಎಂದು ಅಸರ್ಟ್ (ತಪ್ಪಿದ್ದರೆ ಅಲ್ಲೇ ತಡೆಯುವ ಪರೀಕ್ಷೆ) ಬರೆಯಿರಿ. ರಸ್ಟ್‌ನ 1.57 ಆವೃತ್ತಿಯಿಂದ ಇಂಥ ಅಸರ್ಟ್ ಕಂಪೈಲ್ ಹೊತ್ತಿನಲ್ಲೇ ಓಡುತ್ತದೆ. ತಪ್ಪಿದ್ದರೆ ಪ್ರೋಗ್ರಾಮ್ ಕಟ್ಟುವುದೇ ಇಲ್ಲ. ಕಂಪೈಲ್ ಹೊತ್ತಿನ ಲೆಕ್ಕದ ದೊಡ್ಡ ಲಾಭ ಇದೇ. ಉಳಿಯುವ ಮೈಕ್ರೋಸೆಕೆಂಡುಗಳು ಆಮೇಲಿನ ಮಾತು.

ಮಿತಿಗಳೂ ಇವೆ. ಕಾನ್ಸ್ಟ್ ಫಂಕ್ಷನ್ನಿನಲ್ಲಿ ಇಫ್, ಮ್ಯಾಚ್, ವೈಲ್ ಬಂದದ್ದು 2020ರ ಆಗಸ್ಟಿನ 1.46ರಲ್ಲಿ. ಫಾರ್ ಲೂಪ್ ನಡೆಯುವುದಿಲ್ಲ, ಯಾಕೆಂದರೆ ಅದು ಇಟರೇಟರ್ ಟ್ರೇಟನ್ನು ಕರೆಯುತ್ತದೆ. ಎಣಿಕೆ ಇಟ್ಟುಕೊಂಡು ವೈಲ್ ಬರೆಯಬೇಕು. ಹೀಪ್ ಮೆಮೊರಿ (ಓಡುವಾಗ ಬೇಕಾದಷ್ಟು ಕೇಳಿ ಪಡೆಯುವ ಜಾಗ) ಇಲ್ಲ, ಫೈಲ್ ಓದುವಂತಿಲ್ಲ. ದಶಮಾಂಶ ಸಂಖ್ಯೆಗಳ ಕೂಡು-ಕಳೆ-ಗುಣಾಕಾರ 1.82ರಿಂದ ನಡೆಯುತ್ತದೆ, ಆದರೆ ಸೈನ್, ಕೊಸೈನ್ ಇತ್ಯಾದಿ ಇಲ್ಲ. ಈ ಸೈನ್ ವಿಷಯಕ್ಕೆ ಮುಂದೆ ಮತ್ತೆ ಬರುತ್ತೇವೆ.

ಲೆಕ್ಕ ಕಾನ್ಸ್ಟ್ ಫಂಕ್ಷನ್ನಿಗೆ ದಕ್ಕದಿದ್ದರೂ ಡೇಟಾ ಮಾತ್ರ ಕಟ್ಟುವ ಹೊತ್ತಿಗೆ ಕೈಯಲ್ಲಿದ್ದರೆ ಬಿಲ್ಡ್ ಸ್ಕ್ರಿಪ್ಟ್ (ಕಂಪೈಲ್ ಆಗುವ ಮೊದಲು ಓಡುವ ಸಣ್ಣ ಪ್ರೋಗ್ರಾಮ್) ಇದೆ. ಅದು ಕಾರ್ಗೋ (ರಸ್ಟ್ ಪ್ರೋಗ್ರಾಮ್ ಕಟ್ಟುವ ಸಾಧನ) ಕೊಟ್ಟ ಔಟ್-ಡಿರ್ ಫೋಲ್ಡರಿನಲ್ಲಿ ಅರೇಯ ಕೋಡನ್ನು ಬರೆದಿಟ್ಟರೆ ಇನ್‌ಕ್ಲೂಡ್ ಮ್ಯಾಕ್ರೋದಿಂದ ಎಳೆದುಕೊಳ್ಳಬಹುದು. ಯಾವ ಫೈಲ್ ಬದಲಾದರೆ ಸ್ಕ್ರಿಪ್ಟ್ ಮತ್ತೆ ಓಡಬೇಕು ಎಂಬುದನ್ನು ಕಾರ್ಗೋಗೆ ಹೇಳಿ. ಹೇಳದಿದ್ದರೆ ಪ್ಯಾಕೇಜಿನ ಯಾವ ಫೈಲ್ ಮುಟ್ಟಿದರೂ ಅದು ಓಡುತ್ತದೆ. ಲಕ್ಷಗಟ್ಟಲೆ ಸಂಖ್ಯೆಗಳಿದ್ದರೆ ಅವನ್ನು ಕೋಡಾಗಿ ಬರೆದು ಕಂಪೈಲರಿಗೆ ಓದಿಸುವುದು ನಿಧಾನ. ಬೈಟ್‌ಗಳಾಗಿ ಬರೆದು ಇನ್‌ಕ್ಲೂಡ್-ಬೈಟ್ಸ್‌ನಿಂದ ತರುವುದು ಮೇಲು. ಆದರೆ ಹಾಗೆ ಬಂದ ಬೈಟ್‌ಗಳಿಗೆ ಎಂಟರ ಅಲೈನ್‌ಮೆಂಟ್ (ಎಂಟರಿಂದ ಭಾಗವಾಗುವ ಮೆಮೊರಿ ವಿಳಾಸ) ಇರುತ್ತದೆಂಬ ಖಾತ್ರಿ ಇಲ್ಲ. ಪಾಯಿಂಟರನ್ನು ನೇರ ಎಫ್64 (ಎಂಟು ಬೈಟಿನ ದಶಮಾಂಶ ಸಂಖ್ಯೆ) ಎಂದು ತಿರುಗಿಸಬೇಡಿ, ಎಂಟೆಂಟು ಬೈಟ್ ತೆಗೆದು ಪರಿವರ್ತಿಸಿ.

ಓಡುವಾಗ ತುಂಬುವುದು: ಲೇಜಿಲಾಕ್

ಇಲ್ಲಿಂದ ಮುಂದಿನದೇ ನಿಜವಾದ ಕವಲು.

2024ರ ಜುಲೈ 25ರಂದು ಬಂದ 1.80ರಿಂದ ಲೇಜಿಲಾಕ್ ರಸ್ಟ್‌ನ ಸ್ಟ್ಯಾಂಡರ್ಡ್ ಲೈಬ್ರರಿಯಲ್ಲೇ ಇದೆ. ಸ್ಟ್ಯಾಟಿಕ್ ಘೋಷಿಸುವಾಗಲೇ ತುಂಬಿಸುವ ಕ್ಲೋಷರನ್ನೂ (ಹೆಸರಿಲ್ಲದ ಸಣ್ಣ ಫಂಕ್ಷನ್) ಕೊಟ್ಟುಬಿಡುತ್ತೀರಿ. ಯಾರೋ ಮೊದಲ ಸಲ ಮುಟ್ಟಿದಾಗ ಅದು ಓಡುತ್ತದೆ, ಆಮೇಲೆ ಎಂದೂ ಓಡುವುದಿಲ್ಲ. ಎರಡು ಥ್ರೆಡ್ (ಪ್ರೋಗ್ರಾಮಿನೊಳಗೆ ಏಕಕಾಲಕ್ಕೆ ಓಡುವ ಎಳೆಗಳು) ಒಟ್ಟಿಗೆ ಮುಟ್ಟಿದರೆ ಒಂದು ತುಂಬಿಸುತ್ತದೆ, ಇನ್ನೊಂದು ಕಾಯುತ್ತದೆ.

ಇದಕ್ಕೆ ಹೇಳಿಮಾಡಿಸಿದ ಕೆಲಸ ಹಗಲಿನ ಅವಧಿಯ ಪಟ್ಟಿ. ಸ್ಪ್ರಿಂಕ್ಲರ್ ನೀರಾವರಿಯ ಲೆಕ್ಕಕ್ಕೆ ವರ್ಷದ ಪ್ರತಿ ದಿನ ಹಗಲು ಎಷ್ಟು ಗಂಟೆ ಎಂದು ಬೇಕಾಗುತ್ತದೆ. ಮಡಿಕೇರಿಯ ಅಕ್ಷಾಂಶ ಉತ್ತರ 12.4 ಡಿಗ್ರಿ, ಅದನ್ನು ಸೂತ್ರಕ್ಕೆ ಹಾಕಿದರೆ ಸೈನ್, ಟ್ಯಾನ್, ಆರ್ಕ್-ಕೊಸೈನ್ ಎಲ್ಲ ಬರುತ್ತವೆ. ಇವು ಕಾನ್ಸ್ಟ್‌ನಲ್ಲಿ ನಡೆಯುವುದಿಲ್ಲ. ಹಾಗೆಂದು ಈ ಲೆಕ್ಕ ಸೋಲುವುದೂ ಇಲ್ಲ: ಹೊರಗಿನ ಫೈಲ್ ಇಲ್ಲ, ನೆಟ್‌ವರ್ಕ್ ಇಲ್ಲ, ಯಾರೂ ತಪ್ಪು ಟೈಪ್ ಮಾಡಲು ಜಾಗ ಇಲ್ಲ. ಕ್ಲೋಷರಿನೊಳಗೆ ಅರೇಯ ಫ್ರಮ್-ಎಫ್‌ಎನ್ ಕರೆದು 366 ಬೆಲೆಗಳನ್ನು ತುಂಬಿಸಿದರೆ ಮುಗಿಯಿತು. 366 ಎಫ್64ಗಳೆಂದರೆ 2,928 ಬೈಟ್, ಸ್ಟ್ಯಾಕಿಗೆ ಭಾರವಲ್ಲ.

ಅದೇ ರೀತಿಯಲ್ಲಿ ಹತ್ತು ಲಕ್ಷ ಎಫ್64ಗಳ ಅರೇ ಕಟ್ಟಲು ಹೋಗಬೇಡಿ. ಅದು 80 ಲಕ್ಷ ಬೈಟ್. ರಸ್ಟ್ ಹುಟ್ಟಿಸುವ ಥ್ರೆಡ್ಡಿನ ಸ್ಟ್ಯಾಕ್ ಸಾಮಾನ್ಯವಾಗಿ 2 ಮೆಬಿಬೈಟ್, ಅಲ್ಲೇ ಒಡೆದುಹೋಗುತ್ತದೆ. ಅರೇಯನ್ನು ಬಾಕ್ಸ್-ನ್ಯೂ (ಬೆಲೆಯನ್ನು ಹೀಪಿನಲ್ಲಿಡುವ ಫಂಕ್ಷನ್) ಒಳಗೆ ಹಾಕಿದರೂ ಡೀಬಗ್ ಬಿಲ್ಡ್‌ನಲ್ಲಿ ಅದು ಮೊದಲು ಸ್ಟ್ಯಾಕಿನಲ್ಲಿ ಕಟ್ಟಿಯೇ ಹೀಪಿಗೆ ಹೋಗುವುದು. ವೆಕ್‌ನಲ್ಲಿ (ಹೀಪಿನಲ್ಲಿರುವ, ಬೆಳೆಯಬಲ್ಲ ಪಟ್ಟಿ) ತುಂಬಿ, ಇನ್‌ಟು-ಬಾಕ್ಸ್ಡ್-ಸ್ಲೈಸ್ ಮಾಡಿ.

ಲೇಜಿಲಾಕ್ ಕೈಕೊಡುವುದು ಮೂರನೆಯ ಪಟ್ಟಿಯಲ್ಲಿ, ಫೈಲಿನಿಂದ ಬರುವ ಸರಾಸರಿಯಲ್ಲಿ. ಕಕ್ಕಡದ (ಕೊಡಗಿನ ಮಳೆಗಾಲದ ತಿಂಗಳು) ಮಳೆಗೆ ಕರೆಂಟ್ ಹೋಗಿ, ಫೈಲ್ ಬರೆಯುತ್ತಿದ್ದ ಹೊತ್ತಿಗೇ ಕಂಪ್ಯೂಟರ್ ಆರಿ, 366 ಸಾಲಿನ ಜಾಗದಲ್ಲಿ 211 ಸಾಲು ಉಳಿದಿದೆ ಎಂದುಕೊಳ್ಳಿ. ಬೆಳಿಗ್ಗೆ ಪ್ರೋಗ್ರಾಮ್ ಏನೂ ಆಗದವರ ಹಾಗೆ ಶುರುವಾಗುತ್ತದೆ, ಯಾಕೆಂದರೆ ಯಾರೂ ಪಟ್ಟಿಯನ್ನು ಇನ್ನೂ ಮುಟ್ಟಿಲ್ಲ. ಸಂಜೆ ಯಾರೋ ತಿಂಗಳ ವರದಿ ಕೇಳುತ್ತಾರೆ. ಆಗ ಕ್ಲೋಷರ್ ಓಡಿ, ಸಾಲು ಸಾಲದೆ ಪ್ಯಾನಿಕ್ ಆಗುತ್ತದೆ, ಅಂದರೆ ರಸ್ಟ್ ಕೆಲಸವನ್ನು ಅಲ್ಲೇ ಕೈಬಿಡುತ್ತದೆ. ಆ ಥ್ರೆಡ್ ಸಾಯುತ್ತದೆ. ಅಷ್ಟಕ್ಕೇ ಮುಗಿಯುವುದಿಲ್ಲ: ಒಮ್ಮೆ ಪ್ಯಾನಿಕ್ ಆದ ಲೇಜಿಲಾಕ್ ವಿಷವಾಗುತ್ತದೆ, ಆಮೇಲೆ ಮುಟ್ಟಿದವರಿಗೆಲ್ಲ ಪ್ಯಾನಿಕ್. ನಡುವೆ ಫೈಲ್ ಸರಿಪಡಿಸಿಟ್ಟರೂ ಪ್ರಯೋಜನವಿಲ್ಲ, ಪ್ರೋಗ್ರಾಮನ್ನೇ ಮತ್ತೆ ಶುರುಮಾಡಬೇಕು. ಲಾಗ್ ನೋಡಿದರೆ ಕೊನೆಯಲ್ಲಿ ಕಾಣುವುದು ಲೇಜಿಲಾಕ್ ಹಿಂದೆಯೇ ವಿಷವಾಗಿದೆ ಎಂಬ ಸಾಲುಗಳು ಮಾತ್ರ. 211 ಸಾಲಿನ ಸುದ್ದಿ ಎಲ್ಲೋ ಮೇಲೆ, ಮೊದಲ ಪ್ಯಾನಿಕ್ಕಿನಲ್ಲಿ ಹೂತಿರುತ್ತದೆ.

ಇನ್ನೊಂದು ಅಡ್ಡಿ: ಸ್ಟ್ಯಾಟಿಕ್ ಲೇಜಿಲಾಕ್‌ನ ಕ್ಲೋಷರ್ ಸುತ್ತಲಿನ ಏನನ್ನೂ ಹಿಡಿದುಕೊಳ್ಳುವಂತಿಲ್ಲ. ಕಮಾಂಡ್ ಲೈನಿನಲ್ಲಿ ಕೊಟ್ಟ ಫೈಲ್ ಹೆಸರನ್ನು ಅದಕ್ಕೆ ನೇರ ದಾಟಿಸಲು ದಾರಿ ಇಲ್ಲ. ಆಗ ಜನ ಕ್ಲೋಷರಿನೊಳಗೆ ಎನ್ವಿರಾನ್‌ಮೆಂಟ್ ವೇರಿಯಬಲ್ ಓದಲು ಶುರುಮಾಡುತ್ತಾರೆ. ಅಲ್ಲಿಗೆ ಬಂದಿರಿ ಎಂದರೆ ಆಯ್ಕೆ ತಪ್ಪಾಗಿದೆ ಎಂದೇ ಲೆಕ್ಕ.

ಮೇನ್‌ನ (ಪ್ರೋಗ್ರಾಮ್ ಶುರುವಾಗುವ ಫಂಕ್ಷನ್) ಮೊದಲಲ್ಲೇ ಲೇಜಿಲಾಕ್-ಫೋರ್ಸ್ ಕರೆದರೆ ತುಂಬುವ ಕೆಲಸ ಶುರುವಿಗೇ ಬರುತ್ತದೆ, ನಿಜ. ಆದರೂ ಸೋಲು ಪ್ಯಾನಿಕ್ ರೂಪದಲ್ಲೇ ಬರುವುದು; ರಿಸಲ್ಟ್ (ಗೆಲುವನ್ನೋ ದೋಷವನ್ನೋ ಹೊತ್ತ ಬೆಲೆ) ಆಗಿ ಕೈಗೆ ಸಿಗುವುದಿಲ್ಲ.

ಓಡುವಾಗ ತುಂಬುವುದು: ಒನ್ಸ್‌ಲಾಕ್

ಒನ್ಸ್‌ಲಾಕ್ ಲೇಜಿಲಾಕ್‌ಗಿಂತ ಮೊದಲೇ, 2023ರ ಜೂನ್ 1ರ 1.70ರಲ್ಲಿ ಬಂದಿತ್ತು. ಇದು ಖಾಲಿ ಪೆಟ್ಟಿಗೆ. ಯಾವಾಗ, ಯಾರು, ಯಾವುದರಿಂದ ತುಂಬಬೇಕು ಎಂಬುದು ನಿಮ್ಮ ಕೈಯಲ್ಲಿದೆ. ಒಮ್ಮೆ ತುಂಬಿದರೆ ಬೀಗ ಬಿತ್ತು. ಸರಾಸರಿ ಮಳೆಯ ಪಟ್ಟಿಗೆ ಇದೇ ಸರಿ. ಮಾಡುವ ಕ್ರಮ ಹೀಗೆ.

ಒಂದು ಮಾಡ್ಯೂಲಿನೊಳಗೆ, ಪಬ್ (ಹೊರಗಿನವರಿಗೆ ಕಾಣಿಸುವ ಗುರುತು) ಇಲ್ಲದೆ, ಸ್ಟ್ಯಾಟಿಕ್ ಒನ್ಸ್‌ಲಾಕ್ ಘೋಷಿಸಿ. ಒಳಗಿನ ಟೈಪ್ 366 ಎಫ್64ಗಳ ಅರೇ ಇರುವ ಬಾಕ್ಸ್. ಫೈಲ್ ಓದುವ ಫಂಕ್ಷನ್ ಬೇರೆ ಬರೆಯಿರಿ, ಅದು ರಿಸಲ್ಟ್ ಕೊಡಲಿ. ಅದರಲ್ಲಿ ಸಾಲುಗಳನ್ನು ವೆಕ್‌ಗೆ ತುಂಬಿ ಕೊನೆಗೆ ಟ್ರೈ-ಇಂಟು ಕರೆಯಿರಿ. 1.66ರಿಂದ ವೆಕ್ ನೇರವಾಗಿ ನಿಗದಿತ ಉದ್ದದ ಅರೇಯ ಬಾಕ್ಸ್ ಆಗಬಲ್ಲದು. ಉದ್ದ ಕೂಡದಿದ್ದರೆ ಅದೇ ವೆಕ್ ದೋಷವಾಗಿ ವಾಪಸ್ ಬರುತ್ತದೆ. ಅದರ ಉದ್ದ ನೋಡಿ ‘366 ಸಾಲು ಬೇಕು, ಸಿಕ್ಕಿದ್ದು 211’ ಎಂದು ಸಂದೇಶ ಕೊಡಿ. 365 ಬಂದಿದ್ದರೆ ಫೆಬ್ರವರಿ 29ರ ಸಾಲು ಬಿಟ್ಟುಹೋಗಿದೆ ಎಂದು ಅಲ್ಲೇ ಊಹಿಸಬಹುದು. ಅಧಿಕ ವರ್ಷವಲ್ಲದ ವರ್ಷದ ಹಾಳೆಯಿಂದ ಫೈಲ್ ತೆಗೆದರೆ ಆಗುವುದು ಇದೇ. ಮೇನ್‌ನಲ್ಲಿ, ಬೇರೆ ಥ್ರೆಡ್ ಹುಟ್ಟುವ ಮೊದಲೇ, ಇದನ್ನು ಓದಿ ಸೆಟ್ ಕರೆಯಿರಿ. ಓದುವವರಿಗೆ ಒಂದು ಸಣ್ಣ ಫಂಕ್ಷನ್ ಕೊಡಿ: ಗೆಟ್ ಕರೆದು, ಖಾಲಿಯಿದ್ದರೆ ಎಕ್ಸ್‌ಪೆಕ್ಟ್‌ನಿಂದ ಸ್ಪಷ್ಟ ಸಂದೇಶದೊಂದಿಗೆ ಪ್ಯಾನಿಕ್ ಆಗಿಸಿ, ರೆಫರೆನ್ಸ್ ಹಿಂತಿರುಗಿಸುವಂಥದ್ದು. ಮೂಲ ಸ್ಟ್ಯಾಟಿಕ್ ಹೊರಗಿನವರಿಗೆ ಕಾಣುವುದೇ ಬೇಡ.

ಸೆಟ್ ಕರೆಯುವಲ್ಲಿ ಒಂದು ಚಿಕ್ಕ ಕಿರಿಕಿರಿ. ಈಗಾಗಲೇ ತುಂಬಿದ್ದರೆ ಸೆಟ್ ನೀವು ಕೊಟ್ಟ ಬೆಲೆಯನ್ನೇ ದೋಷದೊಳಗಿಟ್ಟು ವಾಪಸ್ ಕೊಡುತ್ತದೆ. ನೇರ ಎಕ್ಸ್‌ಪೆಕ್ಟ್ ಹಚ್ಚಿದರೆ ಪ್ಯಾನಿಕ್ ಸಂದೇಶದ ಜೊತೆ 366 ಸಂಖ್ಯೆಗಳೂ ಪರದೆ ತುಂಬ ಉದುರುತ್ತವೆ. ಈಸ್-ಎರ್ ನೋಡಿ ನೀವೇ ಸಂದೇಶ ಬರೆಯಿರಿ.

ಮೇನ್‌ನಲ್ಲಿ ತುಂಬುವ ಬದಲು ಗೆಟ್-ಆರ್-ಇನಿಟ್ ಕೂಡ ಬಳಸಬಹುದು. ಅದರೊಳಗೆ ಪ್ಯಾನಿಕ್ ಆದರೆ ಪೆಟ್ಟಿಗೆ ಖಾಲಿಯಾಗಿಯೇ ಉಳಿಯುತ್ತದೆ, ಮುಂದಿನವರು ಮತ್ತೆ ಪ್ರಯತ್ನಿಸಬಹುದು, ಲೇಜಿಲಾಕ್‌ನಂತೆ ವಿಷವಾಗುವುದಿಲ್ಲ. ರಿಸಲ್ಟ್ ಕೊಡುವ ಗೆಟ್-ಆರ್-ಟ್ರೈ-ಇನಿಟ್ 1.80ರ ಹೊತ್ತಿಗೂ ಸ್ಟ್ಯಾಂಡರ್ಡ್ ಲೈಬ್ರರಿಯಲ್ಲಿ ಸ್ಟೇಬಲ್ ಆಗಿರಲಿಲ್ಲ. ಅದು ಬೇಕೇ ಬೇಕೆಂದರೆ ಒನ್ಸ್-ಸೆಲ್ ಎಂಬ ಕ್ರೇಟಿನಲ್ಲಿದೆ (ಕ್ರೇಟ್ ಎಂದರೆ ಸೇರಿಸಿಕೊಳ್ಳಬಹುದಾದ ರಸ್ಟ್ ಲೈಬ್ರರಿ). ತುಂಬಿಸುವ ಕ್ಲೋಷರ್ ಸುತ್ತಿ ಬಳಸಿ ಅದೇ ಪೆಟ್ಟಿಗೆಯನ್ನು ಮುಟ್ಟದಂತೆ ನೋಡಿಕೊಳ್ಳಿ. ಸರಾಸರಿಯ ಪಟ್ಟಿ ತಾಲೂಕಿನ ಪಟ್ಟಿಯನ್ನು ಕೇಳಿ, ತಾಲೂಕಿನ ಪಟ್ಟಿ ತಿರುಗಿ ಸರಾಸರಿಯನ್ನು ಕೇಳಿದರೆ ಪ್ರೋಗ್ರಾಮ್ ಸದ್ದಿಲ್ಲದೆ ಅಲ್ಲೇ ನಿಂತುಬಿಡುತ್ತದೆ. ಲೇಜಿಲಾಕ್‌ಗೂ ಇದೇ ಗತಿ.

ವೇಗದ ಮಾತು ಇಷ್ಟೇ: ಪ್ರತಿ ಸಲ ಓದುವಾಗ ಒಂದು ಅಟಾಮಿಕ್ ಓದು, ಒಂದು ಕವಲು. ಎಕ್ಸ್86-64 ಪ್ರೊಸೆಸರಿನಲ್ಲಿ ಆ ಅಟಾಮಿಕ್ ಓದು ಮಾಮೂಲಿ ಓದೇ. ಬಿಗಿ ಲೂಪ್ ಇದ್ದರೆ ಲೂಪಿನ ಹೊರಗೆ ಒಮ್ಮೆ ರೆಫರೆನ್ಸ್ ತೆಗೆದುಕೊಂಡು ಒಳಗೆ ಅದನ್ನೇ ಬಳಸಿ.

ಒಂದು ಪದದ ತಪ್ಪು

ಸ್ಟ್ಯಾಟಿಕ್ ಬರೆಯುವ ಜಾಗದಲ್ಲಿ ಕೈತಪ್ಪಿ ಕಾನ್ಸ್ಟ್ ಎಂದು ಬರೆದು ಒನ್ಸ್‌ಲಾಕ್ ಘೋಷಿಸಿ ನೋಡಿ. ಕಂಪೈಲ್ ಆಗುತ್ತದೆ. ಸೆಟ್ ಕರೆದರೆ ಗೆದ್ದೆ ಎನ್ನುತ್ತದೆ. ಗೆಟ್ ಕರೆದರೆ ಯಾವಾಗಲೂ ಖಾಲಿ. ಕಾನ್ಸ್ಟ್ ಬಳಸಿದ ಕಡೆಯೆಲ್ಲ ಹೊಸ ಖಾಲಿ ಪೆಟ್ಟಿಗೆ ಹುಟ್ಟುತ್ತದೆ. ನೀವು ತುಂಬಿದ ಪೆಟ್ಟಿಗೆ ಆ ಸಾಲಿನ ಕೊನೆಗೇ ಕಸಕ್ಕೆ ಹೋಗಿರುತ್ತದೆ. ಲೇಜಿಲಾಕ್ ಆದರೆ ಇನ್ನೂ ಮೋಸ: ಉತ್ತರ ಸರಿಯಾಗಿಯೇ ಬರುತ್ತದೆ, ಆದರೆ ಮುಟ್ಟಿದಾಗಲೆಲ್ಲ ಪಟ್ಟಿಯನ್ನು ಮೊದಲಿನಿಂದ ಲೆಕ್ಕ ಹಾಕುತ್ತದೆ. ಕೋಡಿನ ತಪ್ಪು ಹುಡುಕುವ ಕಾರ್ಗೋ ಕ್ಲಿಪ್ಪಿ ಓಡಿಸಿದರೆ ಇದನ್ನು ಎತ್ತಿ ತೋರಿಸುತ್ತದೆ.

ಗ್ಲೋಬಲ್ ಬೇಡವೇ ಬೇಡ ಎಂದರೆ

ನಮ್ಮನ್ನು ಕೇಳಿದರೆ ಸರಾಸರಿಯ ಪಟ್ಟಿಗೆ ಒನ್ಸ್‌ಲಾಕ್‌ಗಿಂತಲೂ ಒಳ್ಳೆಯದು ಅದನ್ನು ಗ್ಲೋಬಲ್ ಮಾಡದಿರುವುದು. ಎರಡನೇ ತೋಟದ ಪುಸ್ತಕವೂ ಅದೇ ಪ್ರೋಗ್ರಾಮಿಗೆ ಬಂದ ದಿನ ‘ಒಂದೇ ಪಟ್ಟಿ’ ಎಂಬ ಲೆಕ್ಕಾಚಾರವೇ ಕುಸಿಯುತ್ತದೆ. ತೋಟದ ಸ್ಟ್ರಕ್ಟಿನೊಳಗೆ ಪಟ್ಟಿಯನ್ನಿಟ್ಟು ರೆಫರೆನ್ಸ್ ದಾಟಿಸಿ. ಥ್ರೆಡ್‌ಗಳಿಗೆ ಬೇಕಾದರೆ ಆರ್ಕ್ (ಥ್ರೆಡ್‌ಗಳು ಹಂಚಿಕೊಳ್ಳುವ ಪಾಯಿಂಟರ್) ಇದೆ, ಅಥವಾ 1.63ರ ಥ್ರೆಡ್ ಸ್ಕೋಪ್ ಇದೆ.

ಲೈಫ್‌ಟೈಮ್ (ರೆಫರೆನ್ಸ್ ಎಷ್ಟು ಹೊತ್ತು ಬಾಳುತ್ತದೆಂಬ ಗುರುತು) ಬರೆದು ಬೇಸತ್ತಿದ್ದರೆ ಬಾಕ್ಸ್-ಲೀಕ್ ಎಂಬ ನಡುದಾರಿಯೂ ಉಂಟು. ಮೇನ್‌ನಲ್ಲಿ ವೆಕ್ ತುಂಬಿ, ಬಾಕ್ಸ್ಡ್ ಸ್ಲೈಸ್ ಮಾಡಿ, ಬೇಕೆಂದೇ ಸೋರಬಿಟ್ಟರೆ ಪ್ರೋಗ್ರಾಮ್ ಮುಗಿಯುವ ತನಕ ಬಾಳುವ ರೆಫರೆನ್ಸ್ ಸಿಗುತ್ತದೆ. ಅದನ್ನು ಎಲ್ಲಿಗೆ ಬೇಕಾದರೂ ನಕಲು ಮಾಡಿ ಕೊಡಬಹುದು. ಒಮ್ಮೆ ಸೋರಿದ ಮೂರು ಸಾವಿರ ಬೈಟ್ ಯಾರಿಗೂ ಹೊರೆಯಲ್ಲ. ಆದರೆ ಫೈಲ್ ಬದಲಾದಾಗಲೆಲ್ಲ ಮತ್ತೆ ಓದಿ ಮತ್ತೆ ಸೋರಿಸುವ ಕೋಡ್ ಬರೆದರೆ ಮೆಮೊರಿ ಏರುತ್ತಲೇ ಹೋಗುತ್ತದೆ.

ಪರೀಕ್ಷೆ ಬರೆಯುವಾಗಲೂ ಗ್ಲೋಬಲ್‌ನ ಬೆಲೆ ಗೊತ್ತಾಗುತ್ತದೆ. ಕಾರ್ಗೋ ಟೆಸ್ಟ್ ಒಂದು ಕ್ರೇಟಿನ ಯೂನಿಟ್ ಪರೀಕ್ಷೆಗಳನ್ನೆಲ್ಲ ಒಂದೇ ಪ್ರೋಸೆಸ್ಸಿನಲ್ಲಿ, ಹಲವು ಥ್ರೆಡ್‌ಗಳಲ್ಲಿ ಓಡಿಸುತ್ತದೆ. ಒಂದು ಪರೀಕ್ಷೆ ಒನ್ಸ್‌ಲಾಕ್ ತುಂಬಿದರೆ ಮುಂದಿನದಕ್ಕೆ ಸೆಟ್ ಸೋಲುತ್ತದೆ, ಮತ್ತು ಯಾವುದು ಮೊದಲು ಓಡುತ್ತದೆ ಎಂಬುದಕ್ಕೆ ಖಾತ್ರಿ ಇಲ್ಲ. ಬೇರೆ ಬೇರೆ ಪಟ್ಟಿಗಳಿಂದ ಪರೀಕ್ಷಿಸಬೇಕಿದ್ದರೆ ಲೆಕ್ಕ ಹಾಕುವ ಫಂಕ್ಷನ್‌ಗಳು ಪಟ್ಟಿಯನ್ನು ಆರ್ಗ್ಯುಮೆಂಟ್ ಆಗಿ ತೆಗೆದುಕೊಳ್ಳಲಿ, ಗ್ಲೋಬಲನ್ನು ಮುಟ್ಟುವುದು ತೀರ ಹೊರಗಿನ ಪದರ ಮಾತ್ರ.

ಸ್ಟ್ಯಾಟಿಕ್ ಮ್ಯೂಟ್ (ಬದಲಾಯಿಸಬಹುದಾದ ಸ್ಟ್ಯಾಟಿಕ್) ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೇನ್‌ನಲ್ಲಿ ಅನ್‌ಸೇಫ್ ಒಳಗೆ ಒಮ್ಮೆ ತುಂಬಿ ಆಮೇಲೆ ಮುಟ್ಟದಿದ್ದರಾಯಿತು ಎಂಬ ವಾದ ಹಳೆಯದು; 2024ರ ಎಡಿಷನ್ನಿನಲ್ಲಿ ಅದಕ್ಕೆ ರೆಫರೆನ್ಸ್ ತೆಗೆದರೆ ಕಂಪೈಲರ್ ದೋಷವೆಂದೇ ತಡೆಯುತ್ತದೆ.

ಕಂಪೈಲರ್ ಹಳೆಯದಾದರೆ

ತೋಟದ ಆಫೀಸಿನಲ್ಲಿ ರಾಸ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಇಟ್ಟು, ಅದರ ಮೇಲೇ ಪ್ರೋಗ್ರಾಮ್ ಕಟ್ಟುವುದಾದರೆ ಮೊದಲು ರಸ್ಟ್‌ಸಿಯ (ರಸ್ಟ್ ಕಂಪೈಲರ್) ಆವೃತ್ತಿ ನೋಡಿ. ಡೆಬಿಯನ್ 12 ಲಿನಕ್ಸ್‌ನ ಜೊತೆ ಬರುವ ಕಂಪೈಲರ್ 1.63, ಅದರಲ್ಲಿ ಒನ್ಸ್‌ಲಾಕೂ ಇಲ್ಲ, ಲೇಜಿಲಾಕೂ ಇಲ್ಲ, ವೆಕ್‌ನಿಂದ ಅರೇಯ ಬಾಕ್ಸಿಗೆ ನೇರ ಹಾರುವ ಟ್ರೈ-ಇಂಟು ಕೂಡ ಇಲ್ಲ. ರಸ್ಟಪ್ ಹಾಕಿಕೊಂಡು ಹೊಸ ಆವೃತ್ತಿ ತರುವುದು ಸುಲಭ ದಾರಿ. ಅದಾಗದಿದ್ದರೆ ಒನ್ಸ್-ಸೆಲ್ ಕ್ರೇಟಿನ ಸಿಂಕ್ ವಿಭಾಗದ ಒನ್ಸ್‌ಸೆಲ್ ಮತ್ತು ಲೇಜಿ ಇದೇ ಕೆಲಸ ಮಾಡುತ್ತವೆ. ಹಳೆಯ ಕಂಪೈಲರಿಗೆ ಹೊಂದುವ ಆವೃತ್ತಿಯನ್ನು ಆರಿಸಿಕೊಳ್ಳಿ. ಟ್ರೈ-ಇಂಟು ಬೇಕಿದ್ದಲ್ಲಿ ವೆಕ್ಕನ್ನು ಮೊದಲು ಬಾಕ್ಸ್ಡ್ ಸ್ಲೈಸ್ ಮಾಡಿ, ಅಲ್ಲಿಂದ ಅರೇಯ ಬಾಕ್ಸ್ ಮಾಡಬಹುದು, ಅದು 1.43ರಿಂದಲೇ ಇದೆ.

ಮಳೆಮಾಪಕದ ಬುಡದಲ್ಲೇ ಕೂರುವ ಮೈಕ್ರೋಕಂಟ್ರೋಲರಿಗೆ ಬರೆಯುತ್ತಿದ್ದರೆ, ಅಂದರೆ ಸ್ಟ್ಯಾಂಡರ್ಡ್ ಲೈಬ್ರರಿಯೇ ಇಲ್ಲದ ಕಡೆ, ಈ ಎರಡು ಲಾಕ್‌ಗಳೂ ಸಿಗುವುದಿಲ್ಲ. ಕೋರ್‌ನಲ್ಲಿ (ರಸ್ಟ್‌ನ ತಳದ ಲೈಬ್ರರಿ) ಸಿಗುವ ಒನ್ಸ್‌ಸೆಲ್ ಸಿಂಕ್ (ಥ್ರೆಡ್‌ಗಳು ಹಂಚಿಕೊಳ್ಳಬಹುದಾದದ್ದು) ಅಲ್ಲವಾದ್ದರಿಂದ ಅದನ್ನು ಸ್ಟ್ಯಾಟಿಕ್‌ನಲ್ಲಿಡಲು ಕಂಪೈಲರ್ ಬಿಡದು. ಅಲ್ಲಿ ಪಟ್ಟಿಗಳನ್ನೆಲ್ಲ ಕಾನ್ಸ್ಟ್ ಫಂಕ್ಷನ್ನಿಗೋ ಬಿಲ್ಡ್ ಸ್ಕ್ರಿಪ್ಟಿಗೋ ತಳ್ಳಿ. ಸೈನ್ ಪಟ್ಟಿಯನ್ನೂ ಬಿಲ್ಡ್ ಸ್ಕ್ರಿಪ್ಟಿನಲ್ಲೇ ಲೆಕ್ಕ ಹಾಕಿಡಿ. ಬಿಲ್ಡ್ ಸ್ಕ್ರಿಪ್ಟ್ ಓಡುವುದು ನಿಮ್ಮ ಲ್ಯಾಪ್‌ಟಾಪಿನಲ್ಲಿ, ಚಿಪ್ಪಿನ ಮೇಲಲ್ಲ. ಹಾಗಾಗಿ ಅದರೊಳಗೆ ಸಿಎಫ್‌ಜಿ ಮ್ಯಾಕ್ರೋವನ್ನು (ಯಾವ ಯಂತ್ರಕ್ಕೆ ಕಟ್ಟುತ್ತಿದ್ದೇವೆ ಎಂದು ತಿಳಿಸುವಂಥದ್ದು) ಕೇಳಿದರೆ ಬರುವ ಉತ್ತರ ಲ್ಯಾಪ್‌ಟಾಪಿನದು. ಚಿಪ್ಪಿನ ವಿವರ ಬೇಕಾದರೆ ಕಾರ್ಗೋ-ಸಿಎಫ್‌ಜಿ-ಟಾರ್ಗೆಟ್ ಎಂದು ಶುರುವಾಗುವ ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳನ್ನು ಓದಬೇಕು.